ಕುದುರೆ ಎಲ್ಲಿ ನಿಲ್ಲಬೇಕು?

ನಗರ ಯೋಜನೆಯ ಕಚೇರಿಗಳಿಗೆ ಹೊಸದಾಗಿ ಸೇರಿದವರು ಆಗೊಮ್ಮೆ ಈಗೊಮ್ಮೆ ಕಾರ್ಕಳದ ನನ್ನ ಮನೆಗೆ ಬರುತ್ತಾರೆ. ಪರಿಚಯದವರ ಮಕ್ಕಳು, ಅವರ ಸ್ನೇಹಿತರು. ಕಾಫಿ ಮುಗಿಯುವ ಹೊತ್ತಿಗೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಆಂಟಿ, ಕಂಪ್ಯೂಟರ್ ಇಲ್ಲದೆ ನೀವು ಹೇಗೆ ಊರು ಪ್ಲಾನ್ ಮಾಡ್ತಿದ್ರಿ?" ನನಗೆ ನಗು ಬರುತ್ತದೆ. ಕಂಪ್ಯೂಟರ್ ಇಟ್ಟುಕೊಂಡು ನೀವು ಹೇಗೆ ಮಾಡುತ್ತೀರಿ ಎಂದು ನಾನೇ ಕೇಳಬೇಕೆಂದಿರುತ್ತೇನೆ. ಕೈಯಲ್ಲಿ ಬರೆದರೂ ಯಂತ್ರದಲ್ಲಿ ಬರೆದರೂ ನಕ್ಷೆಯ ಕೆಲಸದವರು ಎಡವುವ ಜಾಗ ಒಂದೇ. ಅದು ಬಿಳಿ ಜಾಗ. ಏನೂ ಇಲ್ಲವೆಂದು ಬಣ್ಣ ಹಚ್ಚದೆ ಬಿಟ್ಟ ಜಾಗ. ಒಮಾನಿನಲ್ಲಿ ಕಲಿತದ್ದರಲ್ಲಿ ಇದೊಂದನ್ನು ಬರೆದಿಟ್ಟರೆ ಉಳಿದದ್ದನ್ನು ನೀವೇ ಬಿದ್ದು ಎದ್ದು ಕಲಿಯುತ್ತೀರಿ.

ಎಂಬತ್ತರ ದಶಕದ ಆರಂಭ. ಡ್ರಾಫ್ಟ್ಸ್‌ಮನ್ ಡಿಪ್ಲೊಮಾ ಮುಗಿಸಿ, ಮದುವೆಯಾಗಿ, ಗಂಡನ ಹಿಂದೆ ಮಸ್ಕತ್ತಿಗೆ ಬಂದೆ. ಗಂಡ ಜಯರಾಮರಿಗೆ ಮತ್ರಾದ ಒಂದು ವ್ಯಾಪಾರ ಸಂಸ್ಥೆಯಲ್ಲಿ ಕೆಲಸ. ದಾರ್ಸೈಟ್‌ನಲ್ಲಿ ಒಂದು ಸಣ್ಣ ಫ್ಲ್ಯಾಟು. ಮನೆಯೊಳಗೆ ತುಳು, ಮೆಟ್ಟಿಲ ಮೇಲೆ ಹಿಂದಿ, ಕೆಳಗಿನ ಅಂಗಡಿಯಲ್ಲಿ ಅರಬ್ಬಿ. ಮನೆಯಲ್ಲಿ ಕುಳಿತು ಕುಳಿತು ಬೇಸರ ಹಿಡಿದು, ರೂವಿಯ ಒಂದು ಪ್ಲಾನಿಂಗ್ ಕನ್ಸಲ್ಟೆಂಟ್ ಕಚೇರಿಗೆ ಹೋಗಿ ಕೆಲಸ ಕೇಳಿದೆ. ನನ್ನ ಕೈಬರಹ ನೋಡಿ ತೆಗೆದುಕೊಂಡರು. ನಕ್ಷೆ ಬರೆಯುವ ಹೆಂಗಸು ಆ ಕಚೇರಿಗೆ ನಾನೇ ಮೊದಲಿಗಳು. ಮೊದಲ ವಾರ ಎಲ್ಲರೂ ನನ್ನನ್ನು ಟೈಪಿಸ್ಟ್ ಎಂದುಕೊಂಡು ಕಾಗದ ತಂದುಕೊಡುತ್ತಿದ್ದರು. ನಾನೂ ಸುಮ್ಮನೆ ತೆಗೆದುಕೊಂಡು ಟೈಪಿಸ್ಟ್ ಮೇಜಿನ ಮೇಲೆ ಇಡುತ್ತಿದ್ದೆ.

ಆಗಿನ ಕೆಲಸದ ರೀತಿ ಹೀಗೆ. ವಿಮಾನದಿಂದ ತೆಗೆದ ದೊಡ್ಡ ದೊಡ್ಡ ಫೋಟೋಗಳು ಬರುತ್ತಿದ್ದವು. ಅವುಗಳ ಮೇಲೆ ಪಾರದರ್ಶಕ ಟ್ರೇಸಿಂಗ್ ಹಾಳೆ ಹಾಸಿ, ಇಂಕಿನ ಪೆನ್ನಿನಲ್ಲಿ ಮನೆ, ಗೋಡೆ, ದಾರಿ, ಖರ್ಜೂರದ ತೋಟ ಎಲ್ಲವನ್ನೂ ಎತ್ತಬೇಕು. ತಪ್ಪಿದರೆ ಬ್ಲೇಡಿನಿಂದ ಮೆಲ್ಲಗೆ ಕೆರೆದು ತೆಗೆಯಬೇಕು. ಆಮೇಲೆ ಅಮೋನಿಯಾ ಯಂತ್ರದಲ್ಲಿ ಪ್ರಿಂಟು. ಅದರ ವಾಸನೆ ಸೀರೆಯ ಸೆರಗಿನಲ್ಲಿ ಕುಳಿತು ನನ್ನ ಜೊತೆ ಮನೆಗೆ ಬರುತ್ತಿತ್ತು. ಪ್ರಿಂಟಿನ ಮೇಲೆ ಬಣ್ಣ: ಮನೆಗೆ ಹಳದಿ, ಅಂಗಡಿಗೆ ಕೆಂಪು, ತೋಟಕ್ಕೆ ಹಸಿರು, ನೀರಿಗೆ ನೀಲಿ. ಏನೂ ಕಾಣದ ಕಡೆ ಬಿಳಿ. ಬಿಳಿ ಎಂದರೆ ಖಾಲಿ, ಖಾಲಿ ಎಂದರೆ ಹಂಚಲು ಸಿದ್ಧ.

ಆಗ ನಮ್ಮ ಮೇಲಿದ್ದವರು ಒಬ್ಬ ಇಂಗ್ಲಿಷ್ ಸಾಹೇಬರು. ಬಿಸಿಲು ಆಗದ ಮನುಷ್ಯ. "ಎಲ್ಲ ಫೋಟೋದಲ್ಲೇ ಇದೆ" ಎಂದು ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ರುಸೈಲ್ ಕಡೆ ಒಬ್ಬ ಕಂಟ್ರಾಕ್ಟರನ ಕಾರ್ಮಿಕರ ಶಿಬಿರಕ್ಕೆ ನಕ್ಷೆ ಮಾಡಿದೆವು. ಶಿಬಿರಕ್ಕೂ ಮುಖ್ಯರಸ್ತೆಗೂ ನಡುವೆ ಬರೀ ಬಿಳಿ. ಸಾಹೇಬರು ಅಲ್ಲಿ ಅಂದವಾದ ಒಂದು ಉದ್ದ ಗೋಡೆ ಎಳೆದರು. ಗೋಡೆ ಎದ್ದಿತು, ಒಂದೇ ತಿಂಗಳಲ್ಲಿ ಅದರ ನಟ್ಟನಡುವೆ ಒಂದು ಕಿಂಡಿಯೂ ಎದ್ದಿತು. ಮುಚ್ಚಿಸಿದರು, ಮತ್ತೆ ಒಡೆಯಿತು. ಕಡೆಗೆ ನಾನು ಭೂತಗನ್ನಡಿ ಹಿಡಿದು ಹಳೆಯ ಫೋಟೋ ನೋಡಿದೆ. ಸರಿಯಾಗಿ ಕಿಂಡಿ ಬಿದ್ದ ಜಾಗದಲ್ಲೇ ಕೂದಲೆಳೆಯಷ್ಟು ಸಣ್ಣ ಗೆರೆ. ಬಿಡುವಿನ ಹೊತ್ತಿನಲ್ಲಿ ರಸ್ತೆಯಾಚೆಯ ಚಹದಂಗಡಿಗೆ ನೂರಾರು ಚಪ್ಪಲಿಗಳು ಮಾಡಿಕೊಂಡ ದಾರಿ ಅದು. ಸಾಹೇಬರಿಗೆ ತೋರಿಸಿದೆ. ಅವರು ಕನ್ನಡಕ ಒರೆಸಿಕೊಂಡು, "ಇದು ಗೀರು ಇರಬೇಕು" ಎಂದರು. ಪಾಪ, ರಜೆಗೆಂದು ಊರಿಗೆ ಹೋದವರು ತಿರುಗಿ ಬರಲಿಲ್ಲ.

ಅವರ ಜಾಗಕ್ಕೆ ಬಂದವರು ಕಾರ್ಲೋ. ಇಟಲಿಯವರು, ರೋಮ್ ನಗರದಲ್ಲೇ ಹುಟ್ಟಿ ಬೆಳೆದವರು. ದಪ್ಪ ಹೊಟ್ಟೆ, ದೊಡ್ಡ ಗಂಟಲು. ಸಿಟ್ಟು ಬಂದರೆ ಪೆನ್ಸಿಲ್ ಮುರಿಯುತ್ತಿದ್ದರು, ಖುಷಿಯಾದರೂ ಪೆನ್ಸಿಲ್ ಮುರಿಯುತ್ತಿದ್ದರು. ಬಂದ ದಿನವೇ ನಮ್ಮ ಮೇಜುಗಳ ಎದುರಿನ ಗೋಡೆಗೆ ಒಂದು ಹಳೆಯ ನಕ್ಷೆ ಅಂಟಿಸಿದರು. ಇಕ್ಕಟ್ಟಾದ ಮನೆಗಳ ನಡುವೆ ಒಂದು ಉದ್ದನೆಯ ಬಿಳಿ ಜಾಗ. ಒಂದು ತುದಿ ನೇರವಾಗಿ ಕತ್ತರಿಸಿದಂತೆ, ಇನ್ನೊಂದು ತುದಿ ಬಿಲ್ಲಿನ ಹಾಗೆ ಬಾಗಿದೆ.

"ಸುನಂದಾ, ಇದು ಏನು ಹೇಳು ನೋಡೋಣ" ಎಂದರು.

"ಕೆರೆ?" ಎಂದೆ.

ಪೆನ್ಸಿಲ್ ಮುರಿಯಿತು. "ಚೌಕ! ನಮ್ಮೂರಿನ ಅತಿ ಚಂದದ ಚೌಕ. ಎರಡು ಸಾವಿರ ವರ್ಷಗಳ ಹಿಂದೆ ಒಬ್ಬ ಚಕ್ರವರ್ತಿ ಅಲ್ಲಿ ಸ್ಟೇಡಿಯಂ ಕಟ್ಟಿಸಿದ. ಜನ ಓಡುತ್ತಿದ್ದರು, ಬಾಗಿದ ತುದಿಯಲ್ಲಿ ತಿರುಗಿ ವಾಪಸ್ ಬರುತ್ತಿದ್ದರು. ಸಾಮ್ರಾಜ್ಯ ಹೋಯಿತು, ಕಲ್ಲು ಹೊತ್ತುಕೊಂಡು ಹೋದರು. ಜನ ಕೂರುತ್ತಿದ್ದ ಮೆಟ್ಟಿಲುಗಳ ಮೇಲೆ ಮನೆ ಕಟ್ಟಿದರು. ನನ್ನಜ್ಜಿಯ ಮನೆಯ ನೆಲಮಾಳಿಗೆಯಲ್ಲಿ ಆಲೂಗಡ್ಡೆ ಇಡುತ್ತಿದ್ದುದು ಸ್ಟೇಡಿಯಂನ ಗೋಡೆಗೆ ಒರಗಿಸಿ. ಆದರೆ ನೋಡು, ಓಡುವ ಜಾಗದ ಮೇಲೆ ಯಾರೂ ಮನೆ ಕಟ್ಟಲಿಲ್ಲ. ಇವತ್ತಿಗೂ ಊರಿನ ದಾರಿಗಳೆಲ್ಲ ಅದನ್ನು ಸುತ್ತಿಕೊಂಡೇ ಹೋಗುತ್ತವೆ."

ನನಗೆ ಅದು ತಲೆಯಲ್ಲಿ ಕೊರೆಯತೊಡಗಿತು. ಕಲ್ಲನ್ನೇ ಕಿತ್ತುಕೊಂಡು ಹೋದ ಜನ ಖಾಲಿ ಜಾಗವನ್ನು ಮಾತ್ರ ಯಾಕೆ ಬಿಟ್ಟರು? ಕೇಳಿದರೆ ಕಾರ್ಲೋಗೂ ಗೊತ್ತಿರಲಿಲ್ಲ. "ಗೊತ್ತಿದ್ದರೆ ನಾನು ಈ ಮರಳಿಗೆ ಯಾಕೆ ಬರುತ್ತಿದ್ದೆ?" ಎಂದರು.

ಒಂದು ವಿಷಯದಲ್ಲಿ ಅವರು ನನಗೆ ಗುರು. ಊರು ನೋಡದೆ ಒಂದು ಗೆರೆಯನ್ನೂ ಎಳೆಯಲು ಬಿಡುತ್ತಿರಲಿಲ್ಲ. ಒಮಾನಿನ ಉತ್ತರ ತುದಿಯ ಖಸಬ್‌ನ ಫೋಟೋದಲ್ಲಿ ಕಡಲ ಅಂಚಿಗೆ ಒಂದು ಬಿಳಿ ತುಂಡು ಕಂಡಿತು. ಪಾರ್ಕ್ ಮಾಡಬಹುದು ಎಂದು ಕಚೇರಿಯಲ್ಲಿ ಎಲ್ಲರ ಅಭಿಪ್ರಾಯ. ಕಾರ್ಲೋ ನನ್ನನ್ನೂ ಒಬ್ಬ ಸರ್ವೇಯರನನ್ನೂ ವಿಮಾನ ಹತ್ತಿಸಿದರು. ಹೋಗಿ ನಿಂತೆವು. ಫೋಟೋಗೆ ಮೂಗಿಲ್ಲ, ನಮಗಿತ್ತು. ಅದು ಮೀನು ಒಣಗಿಸುವ ಜಾಗ. ಕರಾವಳಿಯವಳಾದ ನನಗೆ ತವರುಮನೆಗೆ ಬಂದಷ್ಟು ಸಂತೋಷವಾಯಿತು. ಘಟ್ಟದ ಮೇಲಿನವನಾದ ಸರ್ವೇಯರ್ ಕರವಸ್ತ್ರ ಮುಖಕ್ಕೆ ಒತ್ತಿಕೊಂಡು ದೂರ ನಿಂತ.

ಇನ್ನು ನಾನು ಹೇಳಬೇಕೆಂದಿರುವ ಊರಿನ ಕಥೆ. ಒಳನಾಡಿನ, ಗುಡ್ಡದ ಬುಡದ ಒಂದು ಸಣ್ಣ ಊರು. ಹೆಸರು ಬೇಡ, ಆ ಜನ ಸಂಕೋಚದವರು. ಊರಿಗೆ ಹೊಸ ನಕ್ಷೆ ಆಗಬೇಕೆಂದು ಆದೇಶವಾಗಿತ್ತು. ಅಲ್ಲಿನ ಆಡಳಿತದ ಪರವಾಗಿ ನಮ್ಮ ಜೊತೆ ಕೆಲಸಕ್ಕೆ ನಿಂತವನು ಹಿಲಾಲ್, ಅದೇ ಊರಿನ ಹುಡುಗ. ಹೊರದೇಶದಲ್ಲಿ ಎಂಜಿನಿಯರಿಂಗ್ ಓದಿ ಆಗಷ್ಟೇ ಬಂದಿದ್ದ. ಬಿಳಿ ದಿಶ್ದಾಶಾ ನಿಲುವಂಗಿಯ ಮೇಲೆ ಒಂದು ಸುಕ್ಕೂ ಇಲ್ಲ. ತನ್ನೂರಿಗೆ ಏನಾದರೂ ದೊಡ್ಡದು ಮಾಡಬೇಕೆಂಬ ಆಸೆ ಅವನ ಮುಖದಲ್ಲೇ ಕಾಣುತ್ತಿತ್ತು.

ಆ ಊರಿನ ಫೋಟೋ ಮೇಜಿಗೆ ಬಂದ ದಿನ ನನ್ನ ಪೆನ್ನು ನಿಂತುಬಿಟ್ಟಿತು. ಮನೆಗಳ ನಡುವೆ ಉದ್ದಕ್ಕೆ, ಸ್ಕೇಲ್ ಇಟ್ಟು ಎಳೆದ ಹಾಗೆ, ಒಂದು ಬಿಳಿ ಪಟ್ಟಿ. ಇಕ್ಕೆಲಗಳಲ್ಲಿ ಗೋಡೆಗೆ ಗೋಡೆ ತಾಗಿಸಿ ಇಕ್ಕಟ್ಟಾಗಿ ಬದುಕುವ ಜನ ಇಷ್ಟು ಜಾಗವನ್ನು ಯಾಕೆ ಹೀಗೆ ಬಿಟ್ಟಿದ್ದಾರೆ? ಕಾರ್ಲೋರನ್ನು ಕರೆದೆ. ಅವರು ಒಮ್ಮೆ ಫೋಟೋ ನೋಡಿದರು, ಒಮ್ಮೆ ಗೋಡೆಯ ಮೇಲಿನ ರೋಮ್ ನಕ್ಷೆ ನೋಡಿದರು. ಕೈಯಲ್ಲಿ ಪೆನ್ಸಿಲ್ ಇರಲಿಲ್ಲ, ನನ್ನದನ್ನು ತೆಗೆದುಕೊಂಡು ಮುರಿದರು.

"ಹಿಲಾಲ್! ನಿಮ್ಮೂರಲ್ಲಿ ಇಲ್ಲಿ ಏನು ಮಾಡುತ್ತಾರೆ?"

ಹಿಲಾಲ್ ಸ್ವಲ್ಪ ನಾಚಿಕೊಂಡ. "ಓ, ಅದು ಕುದುರೆ ಓಡಿಸುವ ಜಾಗ. ಹಬ್ಬದ ದಿನ ಹಳಬರು ಓಡಿಸುತ್ತಾರೆ. ನನ್ನ ತಂದೆಯೂ ಓಡಿಸುತ್ತಿದ್ದರು."

ಅಲ್ಲಿಂದ ಮುಂದೆ ಆ ಇಬ್ಬರಿಗೂ ನೆಲ ಕಾಣಲಿಲ್ಲ. ಮೊದಲು ಊರು ನೋಡಬೇಕೆಂಬ ತಮ್ಮ ನಿಯಮವನ್ನೂ ಮರೆತು ಕಾರ್ಲೋ ಬರೆದೇ ಬರೆದರು. ಪಟ್ಟಿಯ ಎರಡೂ ಬದಿಗೆ ಕಲ್ಲಿನ ಮೆಟ್ಟಿಲು, ಒಂದು ತುದಿಗೆ ಕಮಾನಿನ ಬಾಗಿಲು, ಗುಡ್ಡದ ಕಡೆಯ ಇನ್ನೊಂದು ತುದಿಗೆ ಬಿಲ್ಲಿನ ಹಾಗೆ ಬಾಗಿದ ಗೋಡೆ, ಅದರ ಮೇಲೆ ಗಣ್ಯರಿಗೆ ಆಸನ. ಅಜ್ಜಿಯ ಮನೆಯ ಕೆಳಗೆ ಹೂತುಹೋದ ಸ್ಟೇಡಿಯಂ ಒಮಾನಿನ ಗುಡ್ಡದ ಬುಡದಲ್ಲಿ ಮತ್ತೆ ಎದ್ದು ನಿಂತಿತು. ಬಾಗಿದ ಗೋಡೆಯ ಹಿಂದೆ ಗುಡ್ಡದವರೆಗೆ ಉಳಿದ ಜಾಗಕ್ಕೆ ಹಳದಿ, ಹೊಸ ಮನೆಗಳಿಗೆಂದು. ಹಿಲಾಲ್ ಊರಿಗೆ ಹೋಗಿ ಸಿಕ್ಕಿದವರಿಗೆಲ್ಲ ಹೇಳಿದ. ಮೇಲಿನವರಿಂದ ಒಪ್ಪಿಗೆಯ ಮಾತೂ ಬಂತು, ಹಬ್ಬ ಕಳೆದ ಕೂಡಲೇ ಪಾಯ ತೋಡಬಹುದು ಎಂದು. ಒಮ್ಮೆ ನಾನೂ ಅವನೂ ಪ್ರಿಂಟ್ ಒಣಗುವುದನ್ನು ಕಾಯುತ್ತಿದ್ದಾಗ ಹೇಳಿದ: "ಮೇಡಂ, ಇದಕ್ಕೆ ತಂದೆಯ ಹೆಸರು ಇಡಿಸಬೇಕು ಅಂತ ಇದೆ. ಅವರಿಗೆ ನಾನು ಇದುವರೆಗೆ ಏನೂ ಕೊಟ್ಟಿಲ್ಲ."

ಊರಿಗೆ ನಕ್ಷೆ ತೋರಿಸಲು ಹೋದೆವು. ಹಿಲಾಲನ ತಂದೆ ಸಾಲಿಮ್, ಊರಿನ ಕುದುರೆ ಸವಾರರಿಗೆಲ್ಲ ಹಿರಿಯರು. ನರೆತ ಗಡ್ಡ, ಬೆತ್ತದಂತೆ ನೇರ ಬೆನ್ನು. ಗಂಡಸರು ಕೂರುವ ಮಜ್ಲಿಸ್‌ನಲ್ಲಿ ಹಲ್ವಾ, ಖರ್ಜೂರ, ಕಹ್ವಾ ಎಂಬ ಅರಬ್ಬಿ ಕಾಫಿ ಬಂತು. ಕಾರ್ಲೋ ನಕ್ಷೆ ಹಾಸಿ, ಕೈಬೀಸಿ ಬೀಸಿ ವಿವರಿಸಿದರು. ಸಾಲಿಮ್ ಗಮನವಿಟ್ಟು ಕೇಳಿದರು. ಬಾಗಿದ ಗೋಡೆಯ ಮೇಲೆ ಒಮ್ಮೆ ಬೆರಳಿಟ್ಟರು, ತೆಗೆದರು. "ತುಂಬಾ ಶ್ರಮ ಪಟ್ಟಿದ್ದೀರಿ. ದೇವರು ನಿಮಗೆ ಒಳ್ಳೆಯದು ಮಾಡಲಿ. ಇನ್ನೊಂದು ಕಪ್ ಕಹ್ವಾ?" ಎಂದರು.

ಕಾರ್ಲೋ ನನ್ನತ್ತ ಗೆಲುವಿನ ನಗೆ ನಕ್ಕರು. ಹಿಲಾಲನ ಎದೆ ಉಬ್ಬಿತು.

ಹೆಂಗಸಾಗಿದ್ದುದರ ಅನುಕೂಲ ನನಗೆ ತಿಳಿದದ್ದು ಆಮೇಲೆ. ಗಂಡಸರ ಕೋಣೆಯಲ್ಲೂ ಕೂರಬಹುದಿತ್ತು, ಒಳಮನೆಗೂ ಹೋಗಬಹುದಿತ್ತು. ಒಳಗೆ ಹಿಲಾಲನ ತಾಯಿ. ಎಲ್ಲರೂ ಕರೆಯುವುದು ಉಮ್ಮ್ ಹಿಲಾಲ್ ಎಂದು. ದಪ್ಪ ಬೆಳ್ಳಿ ಬಳೆ, ಚುರುಕು ಕಣ್ಣು. ನನ್ನ ಅರಬ್ಬಿ ಅಂಗಡಿಯಲ್ಲಿ, ಕಚೇರಿಯಲ್ಲಿ ಆಯ್ದುಕೊಂಡದ್ದು, ಆದರೂ ಹೆಂಗಸರ ಮಾತಿಗೆ ಸಾಕಾಗುತ್ತಿತ್ತು. ನನ್ನ ಸೀರೆಯ ನೆರಿಗೆ ಮುಟ್ಟಿ ನೋಡಿದರು, ಕುಂಕುಮ ಯಾಕೆಂದು ಕೇಳಿದರು, ತಟ್ಟೆಗೆ ಹಲ್ವಾ ಬಡಿಸಿದರು. ಆಮೇಲೆ ನೇರವಾಗಿ ಕೇಳಿದರು.

"ಯಾ ಬಿಂತಿ, ಮಗಳೇ, ಆ ಇಟಲಿಯವನಿಗೆ ತಲೆ ಸರಿ ಇದೆಯಾ?"

ನನ್ನ ಬಾಯಲ್ಲಿ ಹಲ್ವಾ.

"ಆ ತುದಿಗೆ ಗೋಡೆ ಕಟ್ಟಿದರೆ ಕುದುರೆ ಎಲ್ಲಿ ನಿಲ್ಲಬೇಕು?"

ನನ್ನ ಸೋದರಮಾವ ಕಂಬಳದ ಕೋಣ ಸಾಕಿದವರು. ಕರೆ ಎನ್ನುವ ಕೆಸರುಗದ್ದೆಯ ಓಟದ ಹಾದಿಯಲ್ಲಿ ಜೋಡಿ ಕೋಣಗಳು ನುಗ್ಗಿ ಬರುವಾಗ ಮುಗಿಯುವ ಕಡೆ ಏರುನೆಲ ಇರುತ್ತದೆ, ಮಂಜೊಟ್ಟಿ ಎನ್ನುತ್ತೇವೆ. ಅಲ್ಲಿ ಹತ್ತಿ ಕೋಣಗಳ ವೇಗ ಇಳಿಯಬೇಕು. ಮಂಜೊಟ್ಟಿಯ ಜಾಗದಲ್ಲಿ ಯಾರಾದರೂ ಗೋಡೆ ಕಟ್ಟುತ್ತೇನೆಂದರೆ ಮಾವ ಕೋಲು ಹಿಡಿದು ಅಟ್ಟುತ್ತಿದ್ದರು. ಇಷ್ಟು ದಿನ ಆ ಬಿಲ್ಲಿನ ಗೆರೆಯನ್ನು ನಾನೇ ಅಂದವಾಗಿ ಇಂಕಿನಲ್ಲಿ ತಿದ್ದಿದ್ದೆ, ಕೋಣದ ನೆನಪೇ ಬಂದಿರಲಿಲ್ಲ. ರೋಮ್ ನಕ್ಷೆ ಕಣ್ಣಿಗೆ ಕಟ್ಟಿದ್ದರೆ ಕಾರ್ಕಳ ಎಲ್ಲಿ ಕಾಣುತ್ತದೆ?

"ಓಟದಲ್ಲಿ ಗೆಲ್ಲುವವರು ಯಾರು?" ಎಂದು ಕೇಳಿದೆ, ಕಂಬಳದ ತಲೆಯಲ್ಲೇ.

ಅವರು ನನ್ನನ್ನು ಮಗುವನ್ನು ನೋಡುವಂತೆ ನೋಡಿದರು. "ಗೆಲ್ಲುವುದು ಯಾಕೆ? ಇಬ್ಬರು ಒಟ್ಟಿಗೆ ಓಡಿಸಬೇಕು. ಒಬ್ಬರ ಹೆಗಲ ಮೇಲೆ ಒಬ್ಬರ ಕೈ. ಒಬ್ಬ ಮುಂದಾದರೆ ಕೆಟ್ಟುಹೋಯಿತು, ಒಬ್ಬ ಹಿಂದಾದರೂ ಕೆಟ್ಟುಹೋಯಿತು. ನಮ್ಮ ಯಜಮಾನರು ತಮ್ಮನ ಜೊತೆ ಓಡಿಸುತ್ತಿದ್ದರು. ತಮ್ಮ ತೀರಿಹೋದ ಮೇಲೆ ಕುದುರೆ ಹತ್ತಿಲ್ಲ. ಮಗ ಬರಲಿ ಅಂತ ಕಾದರು. ಮಗ ಓದಿ ಬಂದ, ಕುದುರೆ ಹಳಬರಿಗೆ ಅಂದ. ಈಗ ಕಲ್ಲಿನ ಮೆಟ್ಟಿಲು ಕಟ್ಟಿಸುತ್ತಾನಂತೆ. ಅವರಿಗೆ ಮೆಟ್ಟಿಲು ಬೇಡ ಮಗಳೇ, ಪಕ್ಕದಲ್ಲಿ ಹೆಗಲು ಬೇಕು."

"ಮತ್ತೆ ಬೇಡ ಅಂತ ಯಾಕೆ ಹೇಳಲಿಲ್ಲ?"

"ಮನೆಗೆ ಬಂದ ಅತಿಥಿಗೆ ಬೇಡ ಅನ್ನುವುದಾ?" ಎಂದು ನನ್ನ ತಟ್ಟೆಗೆ ಮತ್ತಷ್ಟು ಹಲ್ವಾ ಹಾಕಿದರು. ಹೊಟ್ಟೆ ತುಂಬಿದೆ ಎಂದು ನಾನೂ ಹೇಳಲಿಲ್ಲ, ತಿಂದೆ.

ಹಿಂದಿರುಗುವಾಗ ಕಾರಿನಲ್ಲಿ ಎಲ್ಲವನ್ನೂ ಹೇಳಿದೆ, ಹೆಗಲಿನ ಮಾತೊಂದನ್ನು ಬಿಟ್ಟು. ಅದು ತಾಯಿ ಮಗನಿಗೆ ಸೇರಿದ್ದು. ಹಿಲಾಲನ ಮುಖ ಕೆಂಪಾಯಿತು. "ಮೇಡಂ, ಅಮ್ಮ ಹಾಗೇ. ತಂದೆ ಎದುರಿಗೇ ಒಪ್ಪಿದ್ದಾರೆ" ಎಂದ.

"ಅವರು ಒಪ್ಪಿಲ್ಲ, ಕಹ್ವಾ ಕೊಟ್ಟಿದ್ದಾರೆ" ಎಂದೆ.

ಕಾರ್ಲೋ ಗುಡುಗಿದರು. "ಬಾಗಿದ ತುದಿ ಇಲ್ಲದೆ ಸ್ಟೇಡಿಯಂ ಎಲ್ಲಿದೆ? ಕುದುರೆ ತಿರುಗಲಿ! ಎರಡು ಸಾವಿರ ವರ್ಷಗಳ ಹಿಂದೆ ನಮ್ಮೂರಿನ ಜನ ಓಡಿ ತಿರುಗುತ್ತಿರಲಿಲ್ಲವೇ?"

"ಆ ಕುದುರೆಗಳು ತಿರುಗುವುದಿಲ್ಲ ಸಾರ್, ಜೋಡಿ ಮುರಿಯುತ್ತದೆ."

"ನೀನು ನೋಡಿದ್ದೀಯಾ?"

ನೋಡಿರಲಿಲ್ಲ. ಸಿಟ್ಟು ನೆತ್ತಿಗೇರಿತು. ರೂವಿಯವರೆಗೆ ಮೂವರೂ ಮೂರು ಕಿಟಕಿಗಳಲ್ಲಿ ಹೊರಗೆ ನೋಡುತ್ತ ಬಂದೆವು. ಮನೆಗೆ ಬಂದು ಜಯರಾಮರ ಮೇಲೆ ಸಿಟ್ಟು ತೀರಿಸಿದೆ. "ಎಂಥ ಮಾರಾಯ್ತಿ, ನಿನ್ನ ಇಟಲಿಯವನಿಗೆ ಒಂದು ಸಲ ಕಂಬಳ ತೋರಿಸಿದ್ರೆ ಸರಿಯಾಗ್ತಿತ್ತು" ಎಂದರು ಅವರು, ಪತ್ರಿಕೆಯಿಂದ ತಲೆ ಎತ್ತದೆ.

ತೋರಿಸುವ ಕೆಲಸವನ್ನು ಸಾಲಿಮ್ ಅವರೇ ವಹಿಸಿಕೊಂಡರು. ಹಬ್ಬದ ದಿನ ಓಟ ನೋಡಲು ಬರಬೇಕೆಂದು ಹಿಲಾಲನ ಮೂಲಕ ಹೇಳಿಕಳಿಸಿದರು. ಜೊತೆಗೆ ಒಂದು ಕೋರಿಕೆ: ಹೇಗೂ ಬರುತ್ತೀರಿ, ಆ ಗೋಡೆ ಎಲ್ಲಿ ಬರುತ್ತದೆಂದು ನೆಲದ ಮೇಲೆ ಗುರುತು ಹಾಕಿಬಿಡಿ. ಊರವರೂ ನೋಡಲಿ. ಅತಿಥಿಗಳಿಗೆ ಆ ಗುರುತಿನ ಹತ್ತಿರವೇ ನಿಲ್ಲಲು ಜಾಗ, ಅಲ್ಲಿಂದ ಎಲ್ಲವೂ ಚೆನ್ನಾಗಿ ಕಾಣುತ್ತದೆ.

ಕಾರ್ಲೋಗೆ ಇದಕ್ಕಿಂತ ಸಂತೋಷ ಬೇರೆ ಇರಲಿಲ್ಲ. ಹಬ್ಬದ ಬೆಳಿಗ್ಗೆಯೇ ಹೋಗಿ ಗೂಟ ನೆಟ್ಟು, ಹಗ್ಗ ಹಿಡಿದು, ಸುಣ್ಣದ ಪುಡಿಯಲ್ಲಿ ಆ ಬಿಲ್ಲನ್ನು ತಮ್ಮ ಕೈಯಾರೆ ಎಳೆದರು. ಕೆಂಪು ಮಣ್ಣಿನ ಮೇಲೆ ಬೆಳ್ಳಗೆ ಹೊಳೆಯಿತು. ಊರವರು ಬಂದು ನೋಡಿದರು, ಕಾರ್ಲೋರ ಕೈ ಕುಲುಕಿದರು, ಪಟ್ಟಿಯ ಎರಡೂ ಬದಿಗೆ ಹೋಗಿ ಸಾಲಾಗಿ ನಿಂತರು. ತುದಿಯಲ್ಲಿ ಯಾರೂ ನಿಲ್ಲಲಿಲ್ಲ. ನಿಂತಿದ್ದವರು ಕಾರ್ಲೋ, ಹಿಲಾಲ್, ನಾನು.

ದೂರದ ತುದಿಯಲ್ಲಿ ಧೂಳು ಎದ್ದಿತು. ಮೊದಲು ಶಬ್ದ ಬಂದದ್ದು ಕಿವಿಗಲ್ಲ, ಅಂಗಾಲಿಗೆ. ನೆಲ ಅದುರಿತು. ಎರಡು ಕುದುರೆಗಳು, ಒಂದಕ್ಕೊಂದು ತಾಗುವಷ್ಟು ಹತ್ತಿರ. ಸವಾರರಿಬ್ಬರೂ ಜೀನಿನ ಮೇಲೆ ಎದ್ದು ನಿಂತಿದ್ದರು, ಒಬ್ಬರ ಹೆಗಲ ಮೇಲೆ ಒಬ್ಬರ ಕೈ! ಎರಡೂ ಬದಿಯ ಜನ ಕೂಗುತ್ತಿದ್ದರು. ನನಗೆ ಕಣ್ಣು ತುಂಬಿ ಬಂತು, ಯಾಕೆಂದು ಈಗಲೂ ಹೇಳಲಾರೆ. ಕುದುರೆಗಳು ಬರುತ್ತಲೇ ಇದ್ದವು, ನೇರ ನಮ್ಮ ಕಡೆಗೇ.

"ಸಾರ್, ಪಕ್ಕಕ್ಕೆ ಬನ್ನಿ" ಎಂದೆ.

"ತಿರುಗುತ್ತವೆ, ತಿರುಗುತ್ತವೆ" ಎಂದರು ಕಾರ್ಲೋ.

ತಿರುಗಲಿಲ್ಲ. ಹಿಲಾಲ್ ಅವರ ತೋಳು ಹಿಡಿದು ಎಳೆದ. ಆ ದಪ್ಪ ಮನುಷ್ಯ ಅಷ್ಟು ಚುರುಕಾಗಿ ಹಾರಿದ್ದನ್ನು ನಾನು ಮತ್ತೆಂದೂ ನೋಡಲಿಲ್ಲ. ಗೂಟ ಮುರಿಯಿತು, ಸುಣ್ಣ ಹಾರಿ ನಮ್ಮ ಮೈಮೇಲೆಲ್ಲ ಬಿತ್ತು. ಕುದುರೆಗಳು ಬಿಲ್ಲಿನ ಗೆರೆ ದಾಟಿ, ನಾವು ಹಳದಿ ಬಣ್ಣ ಹಚ್ಚಿದ್ದ ಹೊಸ ಮನೆಗಳ ಜಾಗವನ್ನೂ ದಾಟಿ, ಗುಡ್ಡದ ಏರಿನಲ್ಲಿ ಮೆಲ್ಲಮೆಲ್ಲಗೆ ವೇಗ ಇಳಿಸಿ ನಿಂತವು. ಆಮೇಲೆ ಸವಾರರು ಏನೂ ಆಗದವರಂತೆ ನಡೆಸಿಕೊಂಡು ಬಂದರು.

ಸಾಲಿಮ್ ನಮ್ಮ ಬಳಿ ಬಂದು ಕಾರ್ಲೋರ ಅಂಗಿಯ ಸುಣ್ಣ ಕೊಡವಿದರು. "ಚೆನ್ನಾಗಿ ಕಂಡಿತೇ?" ಎಂದು ಬಲು ವಿನಯದಿಂದ ಕೇಳಿದರು. ಮಹಡಿಯ ಮೇಲೆ ನಿಂತಿದ್ದ ಹೆಂಗಸರ ಕಡೆಯಿಂದ ಒಂದು ದೊಡ್ಡ ನಗು ಕೇಳಿಸಿತು. ಯಾರದೆಂದು ನನಗೆ ಗೊತ್ತಿತ್ತು.

ಕಾರ್ಲೋ ಸಿಟ್ಟಾಗುತ್ತಾರೆಂದುಕೊಂಡೆ. ಅವರು ನೆಲದ ಮೇಲೆ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕರು. ಎದ್ದು ಗೊರಸಿನ ಗುರುತು ಹಿಡಿದು ಗುಡ್ಡದವರೆಗೆ ನಡೆದು ಹೋದರು. ಅಲ್ಲಿ ನಿಂತು ಬಹಳ ಹೊತ್ತು ಊರನ್ನೇ ನೋಡಿದರು. ತಿರುಗಿ ಬಂದಾಗ ನಗು ಇರಲಿಲ್ಲ. "ಸುನಂದಾ, ಚಿಕ್ಕಂದಿನಲ್ಲಿ ನಾನು ಆ ಚೌಕದಲ್ಲಿ ದಿನವೂ ಚೆಂಡಾಡಿದವನು. ಕೆಳಗೆ ಕಲ್ಲಿದೆ ಅಂತ ನಾವು ಯಾರಾದರೂ ಆಡಲು ಹೋಗುತ್ತಿದ್ದೆವೇ? ಜಾಗ ಇತ್ತು, ಓಡುತ್ತಿದ್ದೆವು. ಅಷ್ಟೇ. ಅದು ಉಳಿದದ್ದು ಅದಕ್ಕೇ ಇರಬೇಕು" ಎಂದರು.

ಮಾರನೆಯ ವಾರ ಅವರು ನನ್ನ ಮೇಜಿಗೆ ಬಂದು ಬ್ಲೇಡು ಕೇಳಿದರು. ನಾನು ಕೆರೆಯುತ್ತೇನೆ ಎಂದರೂ ಬಿಡಲಿಲ್ಲ. ಬಾಗಿದ ಗೋಡೆ, ಮೆಟ್ಟಿಲು, ಕಮಾನು, ಒಂದೊಂದನ್ನೇ ತಾವೇ ಕೆರೆದು ತೆಗೆದರು. ಅಷ್ಟು ಹೊತ್ತೂ ಗೋಡೆಯ ಮೇಲಿನ ರೋಮ್ ನಕ್ಷೆಯ ಕಡೆ ತಲೆ ಎತ್ತಲಿಲ್ಲ.

ನಿಜವಾದ ತೊಡಕು ಶುರುವಾದದ್ದು ಈಗ. ಕೆರೆದ ಮೇಲೆ ಉಳಿದದ್ದು ಬಿಳಿ. ಬಿಳಿ ಎಂದರೆ ಹಂಚಲು ಸಿದ್ಧ ಎಂದು ನಕ್ಷೆಯ ಮೂಲೆಯಲ್ಲಿ ನಾವೇ ಬರೆದಿದ್ದೇವೆ. ಇವತ್ತು ನಾವು ಬಿಟ್ಟರೂ ನಾಳೆ ಇನ್ನೊಬ್ಬರು ಅಲ್ಲಿ ಅಂಗಡಿ ಸಾಲು ಬರೆಯುತ್ತಾರೆ. ರಸ್ತೆಯೆಂದು ತೋರಿಸಿದರೆ ಡಾಂಬರು ಬೀಳುತ್ತದೆ, ಪಾರ್ಕ್ ಎಂದರೆ ಹುಲ್ಲು, ಬೇಲಿ. ಸ್ಟೇಡಿಯಂ ಆಗುವುದಿಲ್ಲವೆಂದು ಗೊತ್ತಾಗಿ ಊರಿನ ಹುಡುಗರು ಹಿಲಾಲನ ಮೇಲೆ ಮುನಿಸಿಕೊಂಡಿದ್ದರು. ಅವರಿಗೆ ಊರ ಹೊರಗೆ ಫುಟ್‌ಬಾಲ್ ಮೈದಾನ ತೋರಿಸಿದೆವು. ಹಿಲಾಲ್ ಮಾತ್ರ ಮಂಕಾಗಿದ್ದ. ಹಬ್ಬದ ದಿನ ತಂದೆ ಬದಿಯಲ್ಲಿ ನಿಂತು ಬೇರೆಯವರ ಓಟ ನೋಡುತ್ತಿದ್ದುದನ್ನು ಅವನೂ ಕಂಡಿದ್ದ. "ಇದು ಖಲಾಸ್ ಮೇಡಂ. ಇನ್ನು ಏನು ಕೊಡಲಿ ಅವರಿಗೆ?" ಎಂದು ಒಂದು ದಿನ ಕೇಳಿದ. ಉಮ್ಮ್ ಹಿಲಾಲ್ ಹೇಳಿದ ಹೆಗಲಿನ ಮಾತನ್ನು ನಾನು ಆಗ ಹೇಳಿಬಿಟ್ಟೆ. ಅವನು ಎದ್ದು ಹೋದ. ಹೇಳಬಾರದಿತ್ತೋ ಏನೋ ಎಂದು ನನಗೆ ದಿನವಿಡೀ ಕಸಿವಿಸಿ.

ಒಪ್ಪಿಗೆಯ ಸಭೆ. ಇಲಾಖೆಯ ನಿರ್ದೇಶಕರು ಗಂಭೀರ ಮನುಷ್ಯ, ಕಡಿಮೆ ಮಾತು. ನಕ್ಷೆ ನೋಡಿ ಆ ಪಟ್ಟಿಯ ಮೇಲೆ ಬೆರಳಿಟ್ಟರು. "ಇಲ್ಲಿ ಏನು ಬರುತ್ತದೆ?"

ಕಾರ್ಲೋ ಬಾಯಿ ತೆರೆಯುವ ಮೊದಲೇ ಹಿಲಾಲ್ ಎದ್ದು ನಿಂತ. "ಏನೂ ಬರುವುದಿಲ್ಲ."

"ಹೋದ ಸಲ ಸ್ಟೇಡಿಯಂ ಕೇಳಿದ್ದು ನೀನೇ ಅಲ್ಲವೇ?"

"ಹೌದು. ಈಗ ಏನೂ ಬೇಡ ಅಂತ ಕೇಳುತ್ತಿದ್ದೇನೆ. ನಮ್ಮವರು ಅಲ್ಲಿ ಓಡಿಸುತ್ತಾರೆ. ಗುಡ್ಡದವರೆಗೂ ಬೇಕು. ಕುದುರೆ ನಿಲ್ಲಲು ಜಾಗ ಬೇಕು."

"ಏನೂ ಇಲ್ಲದಿದ್ದರೆ ನಾಳೆ ಯಾರಾದರೂ ಅರ್ಜಿ ಹಾಕುತ್ತಾರೆ. ಏನು ಕಾರಣ ಕೊಟ್ಟು ಇಲ್ಲ ಅನ್ನಲಿ?"

ಹಿಲಾಲ್ ನನ್ನ ಕಡೆ ನೋಡಿದ. ನಾನು ತಂದಿದ್ದ ಇನ್ನೊಂದು ಪ್ರಿಂಟ್ ಬಿಚ್ಚಿ ಹಾಸಿದೆ. ಆ ಪಟ್ಟಿಯ ಉದ್ದಕ್ಕೂ ಕಂದು ಇಂಕಿನಲ್ಲಿ ತೆಳುವಾದ ಗೆರೆಗಳು, ಎರಡೆರಡು, ಜೊತೆಜೊತೆಯಾಗಿ, ಊರಿನಿಂದ ಗುಡ್ಡದವರೆಗೆ. ಮೂಲೆಯಲ್ಲಿ ಅದರ ಅರ್ಥ ಬರೆದಿದ್ದೆ: ಓಟದ ನೆಲ. ಕಟ್ಟಡ ಇಲ್ಲ, ಡಾಂಬರು ಇಲ್ಲ, ಎರಡೂ ತುದಿ ತೆರೆದಿರಬೇಕು. ಅಂಥ ಗುರುತು ಯಾವ ಪುಸ್ತಕದಲ್ಲೂ ಇರಲಿಲ್ಲ. ದಾರ್ಸೈಟ್‌ನ ಮನೆಯಲ್ಲಿ ಅಕ್ಕಿ ಆರಿಸುತ್ತ ಕುಳಿತಾಗ ಹೊಳೆದದ್ದು.

ನಿರ್ದೇಶಕರು ಆ ಗೆರೆಗಳ ಮೇಲೆ ಗುಡ್ಡದವರೆಗೆ ಬೆರಳು ಓಡಿಸಿದರು. ಹಿಲಾಲ್ ಕುಳಿತುಕೊಳ್ಳುವುದನ್ನೂ ಮರೆತಿದ್ದ. ಕಡೆಗೆ ಅವರು ಪೆನ್ನು ತೆಗೆದು ಸಹಿ ಹಾಕಿದರು. ನಕ್ಷೆ ಮಡಚುವಾಗ ಹೇಳಿದರು: "ನನ್ನ ಊರಿನಲ್ಲಿ ಒಂಟೆ ಓಡಿಸುತ್ತಾರೆ. ಅಲ್ಲಿಗೂ ಈ ಗೆರೆ ಹಾಕಿ." ಕಾರ್ಲೋ ಮೇಜಿನ ಕೆಳಗೆ ಪೆನ್ಸಿಲ್ ಮುರಿದರು.

ತೊಂಬತ್ತರ ದಶಕಕ್ಕೆ ಕಂಪ್ಯೂಟರ್ ಬಂತು. ಕಾರ್ಲೋ ಅಷ್ಟರಲ್ಲಿ ರೋಮ್‌ಗೆ ಹಿಂದಿರುಗಿದ್ದರು. ಹಳೆಯ ಹಾಳೆಗಳನ್ನೆಲ್ಲ ಯಂತ್ರಕ್ಕೆ ಏರಿಸುವ ಕೆಲಸ ನನ್ನ ಪಾಲಿಗೆ ಬಂತು. ಯಂತ್ರಕ್ಕೆ ಪ್ರತಿಯೊಂದು ಜಾಗಕ್ಕೂ ಒಂದು ಸಂಕೇತ ಬೇಕು. ನನ್ನ ಜೋಡಿ ಗೆರೆಗೆ ಅದರಲ್ಲಿ ಸಂಕೇತ ಇರಲಿಲ್ಲ. ಆಪರೇಟರ್ ಆಗಿದ್ದ ಹೆಣ್ಣುಮಗಳು ಅದನ್ನು ಖಾಲಿ ನಿವೇಶನದ ಸಂಕೇತಕ್ಕೆ ಸೇರಿಸಿ ಮುಂದೆ ಹೋಗಿದ್ದಳು. ಕಣ್ಣಿಗೆ ಬಿದ್ದದ್ದು ಅದೃಷ್ಟ. ಹೊಸ ಸಂಕೇತ ಹಾಕಿಸುವವರೆಗೆ ನಾನು ಅವಳ ಕುರ್ಚಿಯ ಹಿಂದಿನಿಂದ ಕದಲಲಿಲ್ಲ. ಹೊಸಬರೇ, ಇದಕ್ಕೇ ಹೇಳಿದ್ದು, ಎಡವುವ ಜಾಗ ಒಂದೇ.

ಒಮಾನ್ ಬಿಟ್ಟು ಬರುವ ವರ್ಷ ಹಬ್ಬಕ್ಕೆ ಆ ಊರಿಗೆ ಹೋದೆ. ಜಯರಾಮರೂ ಬಂದರು, ಇಷ್ಟು ವರ್ಷ ನನ್ನ ಬಾಯಲ್ಲಿ ಕೇಳಿದ್ದನ್ನು ಕಣ್ಣಾರೆ ನೋಡಲು. ಅವರು ಗಂಡಸರ ಜೊತೆ ಪಟ್ಟಿಯ ಬದಿಗೆ ನಿಂತರು. ನನ್ನನ್ನು ಉಮ್ಮ್ ಹಿಲಾಲ್ ಕೈಹಿಡಿದು ಮಹಡಿಗೆ ಕರೆದೊಯ್ದರು. ಊರು ದೊಡ್ಡದಾಗಿತ್ತು. ಎರಡೂ ಕಡೆ ಅಂಗಡಿ, ಬೀದಿದೀಪ, ಡಿಶ್ ಆಂಟೆನಾ. ನಡುವೆ ಕೆಂಪು ಮಣ್ಣಿನ ಪಟ್ಟಿ ಇದ್ದ ಹಾಗೇ ಇತ್ತು. ರಸ್ತೆಗಳೆಲ್ಲ ಅದನ್ನು ಸುತ್ತಿಕೊಂಡು ಹೋಗಿದ್ದವು.

"ಹಿಲಾಲ್ ಎಲ್ಲಿ?" ಎಂದೆ.

ಅವರು ದೂರದ ತುದಿಗೆ ಬೆರಳು ತೋರಿಸಿದರು. "ನಿಮ್ಮ ಸಭೆ ಮುಗಿದ ತಿಂಗಳೇ ಕುದುರೆ ಹತ್ತಿದ. ಮೂರು ಸಲ ಬಿದ್ದ, ಒಂದು ಸಲ ಹೆಗಲ ಮೂಳೆ ಮುರಿದುಕೊಂಡ. ಅವನಿಗೆ ಗುಣವಾಗುವವರೆಗೆ ಅವನ ತಂದೆ ಕಾದರು. ಈಗ ನನ್ನ ಎಂಜಿನಿಯರಿಗೆ ಹೊಟ್ಟೆ ಬಂದಿದೆ, ಪಾಪ ಕುದುರೆ" ಎಂದು ನಕ್ಕರು. ನಗುತ್ತಿದ್ದವರು ಥಟ್ಟನೆ ನನ್ನ ಕೈ ಬಿಗಿಯಾಗಿ ಹಿಡಿದರು.

ಧೂಳು ಎದ್ದಿತ್ತು. ಎರಡು ಕುದುರೆಗಳು. ಒಂದರ ಮೇಲೆ ಬೆಳ್ಳಗಿನ ಗಡ್ಡ, ಇನ್ನೊಂದರ ಮೇಲೆ ಹಿಲಾಲ್. ಸಾಲಿಮ್ ಅವರಿಗೆ ಈಗ ಎದ್ದು ನಿಲ್ಲಲು ಆಗುತ್ತಿರಲಿಲ್ಲ, ಕುಳಿತೇ ಇದ್ದರು. ಹಿಲಾಲನೂ ಎದ್ದು ನಿಂತಿರಲಿಲ್ಲ, ಕುಳಿತಿದ್ದ. ತಂದೆಯ ಕೈ ಮಗನ ಹೆಗಲ ಮೇಲಿತ್ತು. ಕುದುರೆಗಳ ತಲೆಗಳಲ್ಲಿ ಒಂದು ಗೇಣೂ ಹೆಚ್ಚುಕಡಿಮೆ ಇರಲಿಲ್ಲ. ಕೆಳಗೆ ಜನರ ಕೂಗಿನ ನಡುವೆ ತುಳುವಿನಲ್ಲಿ ಒಂದು ಕೂಗೂ ಕೇಳಿಸಿತು, ಕಂಬಳದ ಕರೆಯ ಬದಿಯಲ್ಲಿ ಕೂಗುವಂಥದ್ದು. ಜಯರಾಮರು.

"ಆ ಇಟಲಿಯವನ ಗೋಡೆ ಎಲ್ಲಿ ಬರಬೇಕಿತ್ತು?" ಎಂದು ಉಮ್ಮ್ ಹಿಲಾಲ್ ಕೇಳಿದರು. ಅವರ ಕೆನ್ನೆ ಒದ್ದೆಯಾಗಿತ್ತು, ಒರೆಸಿಕೊಳ್ಳಲಿಲ್ಲ.

ನಾನು ಬೆರಳು ತೋರಿಸಿದೆ. ಅಷ್ಟರಲ್ಲಿ ತಂದೆ ಮಗ ಆ ಜಾಗ ದಾಟಿದ್ದರು, ಇನ್ನೂ ಓಡಿಸುತ್ತಲೇ ಇದ್ದರು.